ಭಾರತ–ಚೀನಾ ಸಂಬಂಧ: ಪರೀಕ್ಷೆಗೆ ಟಿಪ್ಪಣಿ ಮಾಡಿಕೊಳ್ಳುವ ಬಗೆ

ಪುಣೆಯ ಸದಾಶಿವ ಪೇಠೆಯ ಅಭ್ಯಾಸಿಕೆಗಳಲ್ಲಿ (ಬಾಡಿಗೆಯ ಓದುಕೋಣೆಗಳಲ್ಲಿ) ಕೂತು ಯುಪಿಎಸ್‌ಸಿಗೆ ಓದುವ ನಮ್ಮ ಕನ್ನಡದ ಮಕ್ಕಳ ನೋಟ್ಸಿನಲ್ಲಿ ಭಾರತ–ಚೀನಾ ಎಂದರೆ ಪಂಚಶೀಲ, 1962, ಗಲ್ವಾನ್, ಕೊನೆಗೊಂದು ಹಸ್ತಲಾಘವ. ಸಂಬಂಧ ಯಾವ ದಾರಿಯಲ್ಲಿ ಸುಧಾರಿಸುತ್ತಿದೆ ಎಂಬುದು ಇಷ್ಟರಿಂದ ತಿಳಿಯುವುದಿಲ್ಲ. ಓದು ಗಡಿಯಿಂದ ಶುರುವಾಗಬೇಕು.

ಹಾಳೆಯನ್ನು ಅಡ್ಡ ಇಟ್ಟು ಮೂರು ಕಾಲಂ ಎಳೆಯಿರಿ: ಗಡಿ, ಮಾತುಕತೆ, ಜನ ಮತ್ತು ವ್ಯಾಪಾರ. ಗಡಿಯ ಕಾಲಮ್ಮನ್ನೇ ಮೊದಲು ತುಂಬಿ. 1988ರ ಡಿಸೆಂಬರಿನಲ್ಲಿ ರಾಜೀವ್ ಗಾಂಧಿ ಬೀಜಿಂಗ್‌ಗೆ ಹೋಗಿಬಂದ ಮೇಲೆ 1993, 1996ರ ಒಪ್ಪಂದಗಳು ಬಂದವು. 1996ರದ್ದು ಎಲ್‌ಎಸಿಯಿಂದ (ವಾಸ್ತವಿಕ ನಿಯಂತ್ರಣ ರೇಖೆಯಿಂದ) ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದು ಎನ್ನುತ್ತದೆ; ಗಲ್ವಾನ್‌ನಲ್ಲಿ ಬಂದೂಕು ಬಿಟ್ಟು ಕಲ್ಲು, ದೊಣ್ಣೆಗಳಲ್ಲಿ ಬಡಿದಾಟ ಆದದ್ದರ ಹಿನ್ನೆಲೆ ಇದೇ. 2020ರ ಜೂನ್ 15ರ ಆ ರಾತ್ರಿ ನಮ್ಮ 20 ಯೋಧರು ಹುತಾತ್ಮರಾದರು. ಆಮೇಲೆ ಪೂರ್ವ ಲಡಾಖಿನಲ್ಲಿ ಪಡೆಗಳು ಒಂದೊಂದೇ ಜಾಗದಿಂದ ಸರಿದವು: ಪ್ಯಾಂಗಾಂಗ್ 2021ರ ಫೆಬ್ರವರಿ, ಗೋಗ್ರಾ ಅದೇ ವರ್ಷದ ಆಗಸ್ಟ್, ಹಾಟ್ ಸ್ಪ್ರಿಂಗ್ಸ್ 2022ರ ಸೆಪ್ಟೆಂಬರ್. ದೆಪ್ಸಾಂಗ್, ದೆಮ್‌ಚೋಕ್ ಮಾತ್ರ ಇನ್ನೆರಡು ವರ್ಷ ಎಳೆದಾಡಿದವು. ಅಲ್ಲಿನ ಗಸ್ತಿನ ಬಗ್ಗೆ ಒಪ್ಪಂದ ಪ್ರಕಟವಾದದ್ದು 2024ರ ಅಕ್ಟೋಬರ್ 21ಕ್ಕೆ. ರಷ್ಯಾದ ಕಜಾನ್‌ನಲ್ಲಿ ಮೋದಿ–ಷಿ ಜಿನ್‌ಪಿಂಗ್ ಭೇಟಿ 23ಕ್ಕೆ. ಎರಡು ತಾರೀಖನ್ನೂ ಅಕ್ಕಪಕ್ಕ ಬರೆಯಿರಿ. ಗಡಿಯ ಗಂಟು ಬಿಚ್ಚಿದ ಮೇಲೆಯೇ ನಾಯಕರು ಕೂತದ್ದು.

ಹೆಚ್ಚಿನವರು ಎಡವುವುದು ಇಲ್ಲಿ. ಎದುರುಬದುರು ನಿಂತ ಸೈನಿಕರು ಹಿಂದೆ ಸರಿಯುವುದು ಡಿಸ್‌ಎಂಗೇಜ್‌ಮೆಂಟ್. ಹೆಚ್ಚುವರಿ ಪಡೆ, ಟ್ಯಾಂಕು, ಫಿರಂಗಿಗಳನ್ನು ಗಡಿಯಿಂದ ದೂರ ಒಯ್ಯುವುದು ಡಿ-ಎಸ್ಕಲೇಷನ್. ಮೊದಲನೆಯದು ಆಯಿತೆಂದ ಮಾತ್ರಕ್ಕೆ ಎರಡನೆಯದೂ ಆಯಿತೆಂದು ಬರೆದರೆ ಇಡೀ ಉತ್ತರ ದಿಕ್ಕು ತಪ್ಪುತ್ತದೆ.

ಮಾತುಕತೆಯ ಕಾಲಮ್ಮಿಗೆ ಪತ್ರಿಕೆಯ ತಲೆಬರಹ ಸಾಲದು. ಎರಡೂ ದೇಶಗಳ ವಿದೇಶಾಂಗ ಸಚಿವಾಲಯಗಳು ಒಂದೇ ಭೇಟಿಯ ಬಗ್ಗೆ ಹೊರಡಿಸಿದ ಹೇಳಿಕೆಗಳನ್ನು ಪ್ರಿಂಟ್ ತೆಗೆಯಿರಿ. ಎರಡರಲ್ಲೂ ಇರುವ ಮಾತಿಗೆ ಹಸಿರು ಗೆರೆ, ಒಂದರಲ್ಲಷ್ಟೇ ಇರುವುದಕ್ಕೆ ಕೆಂಪು. ಅಭ್ಯಾಸಕ್ಕೆ ಗೋವಾದ ಬೆನೌಲಿಮ್ ಸಭೆಗಿಂತ ಒಳ್ಳೆಯದು ಸಿಗದು. 2023ರ ಮೇ ತಿಂಗಳಲ್ಲಿ ಶಾಂಘೈ ಸಹಕಾರ ಸಂಘಟನೆಯ ಸಭೆಗೆ ಬಂದಿದ್ದ ಚೀನಾದ ಅಂದಿನ ವಿದೇಶಾಂಗ ಸಚಿವ ಚಿನ್ ಗಾಂಗ್, ಗಡಿ ಒಟ್ಟಾರೆ ಸ್ಥಿರವಾಗಿದೆ ಎಂದರು. ಗಡಿಯಲ್ಲಿ ಶಾಂತಿ ಕದಡಿರುವಾಗ ಸಂಬಂಧ ಸಹಜವಾಗಿರಲು ಸಾಧ್ಯವೇ ಇಲ್ಲ ಎಂದವರು ನಮ್ಮ ಕಡೆಯ ವಿದೇಶಾಂಗ ಸಚಿವ ಜೈಶಂಕರ್. ಗಡಿಯನ್ನು ಬದಿಗಿಟ್ಟು ಉಳಿದದ್ದು ನಡೆಸೋಣ ಎಂಬುದು ಒಬ್ಬರ ಪಟ್ಟು, ಗಡಿಯೇ ಮೊದಲು ಎಂಬುದು ಇನ್ನೊಬ್ಬರದು. 2024ರ ಡಿಸೆಂಬರ್ 18ರಂದು ಗಡಿ ಪ್ರಶ್ನೆಗೆಂದೇ ನೇಮಕವಾದ ಎರಡೂ ದೇಶಗಳ ವಿಶೇಷ ಪ್ರತಿನಿಧಿಗಳು ನಡೆಸಿದ ಮಾತುಕತೆಯನ್ನೂ ಹೀಗೆಯೇ ನೋಡಿ: ಆರು ಅಂಶಗಳಿಗೆ ಒಮ್ಮತ ಎಂದಿತು ಚೀನಾ, ಭಾರತದ ಹೇಳಿಕೆಯಲ್ಲಿ ಆ ಆರರ ಲೆಕ್ಕವೇ ಇಲ್ಲ. ಕೆಂಪು ಗೆರೆಯ ವಾಕ್ಯಗಳನ್ನು ‘ಒಪ್ಪಿದ್ದಾರೆ’ ಎಂದು ಎಂದೂ ಬರೆಯಬೇಡಿ.

ಮೂರನೆಯ ಕಾಲಂ ಬೇಗ ಮುಗಿಯುತ್ತದೆ. 2025ರಲ್ಲಿ ಕೈಲಾಸ–ಮಾನಸ ಸರೋವರ ಯಾತ್ರೆ ಮತ್ತೆ ಶುರುವಾಯಿತು, ಜುಲೈನಲ್ಲಿ ಚೀನೀಯರಿಗೆ ಪ್ರವಾಸಿ ವೀಸಾ, ಆಗಸ್ಟಿನಲ್ಲಿ ಲಿಪುಲೇಖ್, ಶಿಪ್ಕಿ ಲಾ, ನಾಥು ಲಾ ಎಂಬ ಗಡಿ ಕಣಿವೆಗಳ ಮೂಲಕ ವ್ಯಾಪಾರಕ್ಕೆ ಒಪ್ಪಿಗೆ, ಅಕ್ಟೋಬರ್ 26ಕ್ಕೆ ಕೋಲ್ಕತ್ತ–ಗುವಾಂಗ್‌ಝೌ ನೇರ ವಿಮಾನ. ವ್ಯಾಪಾರದ ಮೊತ್ತವನ್ನು ಮಾತ್ರ ಸ್ನೇಹದ ಅಳತೆಗೋಲು ಮಾಡಿಕೊಳ್ಳಬೇಡಿ. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಗೆ ಚೀನಾದ ಕಂಟೇನರ್‌ಗಳು ಆ ಕೆಟ್ಟ ವರ್ಷಗಳಲ್ಲೂ ಬರುತ್ತಲೇ ಇದ್ದವು. 2024–25ರಲ್ಲಿ ನಮ್ಮ ವ್ಯಾಪಾರ ಕೊರತೆ ಸುಮಾರು 99 ಬಿಲಿಯನ್ ಡಾಲರ್.

150 ಪದಗಳ ಪ್ರಶ್ನೆ ಬಂದರೆ ಹಿನ್ನೆಲೆಗೆ 30 ಪದ ಸಾಕು, ಗಡಿಗೆ 70 ಕೊಡಿ, ಉಳಿದದ್ದರಲ್ಲಿ ಹೇಳಿಕೆಗಳ ವ್ಯತ್ಯಾಸವನ್ನೂ ವ್ಯಾಪಾರವನ್ನೂ ಮುಗಿಸಿ.