ಮಳೆಗಾಲ ಕಳೀತು, ಹೆಂಚಿನ ಮನೆ ಒಂದ್ಸಲ ಪೂರ್ತಿ ನೋಡ್ಕೊಳ್ಳಿ

ಮಲೆನಾಡು, ಕರಾವಳಿ ಕಡೆ ಹೆಂಚಿನ ಮನೆ ಇರೋರು ಸಾಮಾನ್ಯವಾಗಿ ಏಪ್ರಿಲ್, ಮೇ ಬಂದಾಗ ಹೆಂಚು ಕೈಯಾಡಿಸೋಕೆ, ಅಂದ್ರೆ ಒಡೆದದ್ದು ಜಾರಿದ್ದು ತೆಗೆದು ಸರಿಯಾಗಿ ಕೂರ್ಸೋಕೆ, ಜನ ಹುಡುಕ್ತಾರೆ. ಆಗ ಊರಲ್ಲಿ ಎಲ್ರಿಗೂ ಅದೇ ಕೆಲಸ, ಆಳು ಸಿಗಲ್ಲ, ಸಿಕ್ಕಿದ್ರೂ ಹೋದ ಜುಲೈನಲ್ಲಿ ಎಲ್ಲೆಲ್ಲಿ ಸೋರ್ತಿತ್ತು ಅನ್ನೋದು ಮನೇಲಿ ಯಾರಿಗೂ ಸರಿಯಾಗಿ ನೆನಪಿರಲ್ಲ. ಅದಕ್ಕೇ ಹೇಳ್ತಿರೋದು, ರಿಪೇರಿ ಬೇಕಾದ್ರೆ ಬೇಸಿಗೇಲಿ ಮಾಡ್ಸಿ, ಆದ್ರೆ ನೋಡೋ ಕೆಲಸ ದಸರಾ ದೀಪಾವಳಿ ಆಸುಪಾಸಲ್ಲೇ ಮುಗಿಸ್ಬಿಡಿ. ನೀರಿಳಿದ ಗುರುತು ಇನ್ನೂ ಹಸಿಯಾಗೇ ಇರುತ್ತೆ, ಹಿಂಗಾರು ಮಳೆ ಮಧ್ಯೆ ಮಧ್ಯೆ ಜೋರಾಗಿ ಹೊಡೆದಾಗ ಸೋರೋ ಜಾಗ ಕಣ್ಣೆದುರೇ ಸಿಗುತ್ತೆ, ಅಡಿಕೆ ಕೊಯ್ಲು ಜೋರಾಗಿ ಶುರುವಾದ್ಮೇಲಂತೂ ನಿಮಗೂ ಪುರುಸೊತ್ತಿರಲ್ಲ.

ಎಲ್ಲಕ್ಕಿಂತ ಮೊದಲು ಕರೆಂಟ್. ಮೂರ್ನಾಲ್ಕು ತಿಂಗಳು ಥಂಡಿ ಹಿಡಿದ ಗೋಡೇಲಿರೋ ಸ್ವಿಚ್‌ಬೋರ್ಡನ್ನ ಒದ್ದೆ ಕೈಯಲ್ಲಿ ಮುಟ್ಬೇಡಿ, ಗೋಡೆ ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನುತ್ತೆ ಅಂತ ಅನ್ಸಿದ್ರೂ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೀರಿ, ಅದನ್ನ ನಾಳೆಗೆ ಇಡೋ ಹಾಗಿಲ್ಲ. ತುಂಬಾ ಜನ ಎಂಸಿಬಿ (ತಾನಾಗೇ ಟ್ರಿಪ್ ಆಗೋ ಸ್ವಿಚ್) ಇದೆ ಬಿಡಿ ಅಂದ್ಕೋತಾರೆ, ಎಂಸಿಬಿ ಇರೋದು ಓವರ್‌ಲೋಡ್ ಮತ್ತೆ ಶಾರ್ಟ್ ಸರ್ಕ್ಯೂಟಿಗೆ, ಮನುಷ್ಯರಿಗೆ ಶಾಕ್ ಹೊಡೆದಾಗ ಕರೆಂಟ್ ಕಟ್ ಮಾಡೋದು ಇನ್ನೊಂದು ಥರದ ಸ್ವಿಚ್, ಆರ್‌ಸಿಸಿಬಿ, ಮನೆಗೆ 30 ಮಿಲಿಆಂಪ್‌ದು ಹಾಕ್ಸಿರ್ಬೇಕು. ಅದರ ಮೇಲೊಂದು ಟೆಸ್ಟ್ ಬಟನ್ ಇರುತ್ತೆ, ಒತ್ತಿದ ತಕ್ಷಣ ಟ್ರಿಪ್ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಬದಲಾಯಿಸಿ.

ಈಗ ಮಾಡಿನ, ಅಂದ್ರೆ ಚಾವಣಿಯ ವಿಷಯ. ಮೇಲೆ ಹತ್ತೋಕೆ ಮುಂಚೆ ಒಳಗಿಂದ ನೋಡಿ. ಮಧ್ಯಾಹ್ನ ಒಳ್ಳೆ ಬಿಸಿಲಿರುವಾಗ ಅಟ್ಟ ಹತ್ತಿ, ಕಿಟಕಿ ಬಾಗಿಲು ಮುಚ್ಚಿ, ಲೈಟ್ ಹಾಕ್ದೆ ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋವರೆಗೂ ಹಾಗೇ ಕೂತ್ಕೊಳ್ಳಿ. ಒಡೆದ ಹೆಂಚು, ಜಾರಿದ ಹೆಂಚು ಇರೋ ಕಡೆಯೆಲ್ಲ ಸಣ್ಣ ಸಣ್ಣ ಬೆಳಕಿನ ಚುಕ್ಕಿ ಕಾಣುತ್ತೆ, ಅದರ ಪಕ್ಕದ ರೀಪಿನ (ಹೆಂಚು ಕೂರೋ ಅಡ್ಡಪಟ್ಟಿ) ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೊಬೈಲಲ್ಲಿ ಫೋಟೋನೂ ತೆಗೀರಿ. ಇಲ್ಲಿ ಒಂದು ವಿಷಯ ಚೆನ್ನಾಗಿ ತಲೇಲಿಟ್ಕೊಳ್ಳಿ, ಕೆಳಗೆ ನೀರು ತೊಟ್ಟಿಕ್ಕೋ ಜಾಗಕ್ಕೆ ನೇರ ಮೇಲಿರೋ ಹೆಂಚೇ ಒಡೆದಿರ್ಬೇಕು ಅಂತಿಲ್ಲ. ನೀರು ಒಳಗೆ ಬಂದು ಪಕಾಸಿನ (ರೀಪಿಗೆ ಆಧಾರವಾಗಿರೋ ಇಳಿಜಾರು ಮರ) ಹೊಟ್ಟೆಗೆ ಅಂಟ್ಕೊಂಡು ಇಳಿಜಾರಲ್ಲಿ ನಾಲ್ಕೈದು ಅಡಿ ಹರ್ಕೊಂಡು ಬಂದು ಎಲ್ಲೋ ಒಂದು ಗಂಟು ಸಿಕ್ಕಿದ ಕಡೆ ಬೀಳುತ್ತೆ. ಪಕಾಸಿನ ಮೇಲೆ ಕಪ್ಪು ಗೆರೆ ಬಿದ್ದಿರುತ್ತಲ್ಲ, ಆ ಗೆರೆ ಹಿಡ್ಕೊಂಡು ಮೇಲ್ಮುಖವಾಗಿ ಹೋಗಿ, ಗೆರೆ ಎಲ್ಲಿ ಶುರುವಾಗುತ್ತೋ ಅಲ್ಲಿದೆ ತೂತು. ಇದು ಮಾಡ್ದೆ ತೊಟ್ಟಿಕ್ಕೋ ಜಾಗದಲ್ಲೇ ಹೆಂಚು ಬದಲಾಯಿಸಿ ಬದಲಾಯಿಸಿ ವರ್ಷಗಟ್ಟಲೆ ಸೋರ್ತಾ ಇರೋ ಮನೆಗಳು ಬೇಕಾದಷ್ಟಿವೆ.

ಮಾಡು ಹತ್ತೋದಾದ್ರೆ ಪಾಚಿ ಪೂರ್ತಿ ಒಣಗಿರ್ಬೇಕು, ಅಂದ್ರೆ ಕನಿಷ್ಠ ಒಂದು ವಾರ ಒಳ್ಳೆ ಬಿಸಿಲು ಬಿದ್ದಿರ್ಬೇಕು. ಹೆಂಚಿನ ಮಧ್ಯಕ್ಕೆ ಕಾಲಿಡ್ಬೇಡಿ, ಏಣಿನ ಮಾಡಿನ ಮೇಲೆ ಮಲಗಿಸಿ ಮೇಲ್ಗಡೆ ಗಟ್ಟಿಯಾಗಿ ಹಗ್ಗ ಕಟ್ಟಿ ಅದರ ಮೇಲೇ ಓಡಾಡಿ, ಕೆಳಗೆ ಒಬ್ರು ನಿಂತಿರ್ಲಿ. ಅಭ್ಯಾಸ ಇಲ್ಲದೋರು ದಯವಿಟ್ಟು ಹತ್ಲೇಬೇಡಿ, ದಿನಗೂಲಿ ಉಳಿಸೋಕೆ ಹೋಗಿ ಸೊಂಟ ಮುರ್ಕೊಳ್ಳೋದು ಬೇಡ. ಅನುಮಾನ ಇರೋ ಹೆಂಚನ್ನ ತೆಗೆದು ಬೆರಳ ಗೆಣ್ಣಲ್ಲಿ ಕುಟ್ಟಿ ನೋಡಿ, ಒಳ್ಳೇದಾದ್ರೆ ಗಂಟೆ ಥರ ಠಣ್ ಅನ್ನುತ್ತೆ, ಕಣ್ಣಿಗೆ ಕಾಣದ ಬಿರುಕಿದ್ರೆ ಡಬ್ ಅಂತ ಸತ್ತ ಸದ್ದು ಬರುತ್ತೆ.

ಬದಲಿ ಹೆಂಚು ತರೋಕೆ ಹೋಗೋವಾಗ ಹಳೇದೊಂದನ್ನ ಕೈಯಲ್ಲೇ ತಗೊಂಡು ಹೋಗಿ. ಬಾಸೆಲ್ ಮಿಷನ್‌ನೋರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ಮೇಲೆ ಆ ಕಡೆ ಎಷ್ಟೋ ಕಾರ್ಖಾನೆ ಹುಟ್ಕೊಂಡ್ವು, ಒಂದೊಂದರ ಅಚ್ಚೂ ಸ್ವಲ್ಪ ಸ್ವಲ್ಪ ಬೇರೆ. ನೋಡೋಕೆ ಒಂದೇ ಥರ ಇದ್ರೂ ಅಂಚಿನ ಕಚ್ಚು ಒಂದಕ್ಕೊಂದು ಕೂರಲ್ಲ, ಸಂದಿ ಬಿಡುತ್ತೆ, ಗಾಳಿ ಮಳೆಗೆ ನೀರು ಅಲ್ಲಿಂದಲೇ ಒಳಗೆ ನುಗ್ಗುತ್ತೆ. ಹೆಂಚಿನ ಮೇಲೆ ಕಂಪನಿ ಹೆಸರು ಒತ್ತಿರುತ್ತೆ, ಅದನ್ನ ನೋಡಿ. ಆ ಕಾರ್ಖಾನೆ ಮುಚ್ಚಿದ್ರೆ ಹಳೇ ಮನೆ ಕೆಡವಿದ ಸಾಮಾನು ಮಾರೋರ ಹತ್ರ ಹುಡುಕಿ, ನನ್ನ ಕೇಳಿದ್ರೆ ಅಚ್ಚು ಹೊಂದದ ಹೊಸ ಹೆಂಚಿಗಿಂತ ಅಚ್ಚು ಹೊಂದೋ ಹಳೇದೇ ಮೇಲು.

ಎರಡು ಮಾಡು ಸೇರೋ ಸಂದೀಲಿ ಹಾಕಿರೋ ತಗಡಿನ ದೋಣಿ ಇದೆಯಲ್ಲ, ಜಾಸ್ತಿ ಮನೆ ಹಾಳಾಗೋದು ಅಲ್ಲಿಂದ. ಎಲೆ ಕಸ ಕೂತು ನೀರು ನಿಂತು ಹೆಂಚಿನಡಿಗೆ ವಾಪಸ್ ನುಗ್ಗುತ್ತೆ, ತಗಡೂ ತುಕ್ಕು ಹಿಡಿಯುತ್ತೆ. ಕಸ ತೆಗೆದು ಒಂದು ಬಕೆಟ್ ನೀರು ಹುಯ್ದು ಒಳಗೊಬ್ರನ್ನ ನಿಲ್ಲಿಸಿ ನೋಡಿ. ತೂತು ಒಂದೆರಡಿದ್ರೆ ತೇಪೆ ಹಾಕ್ಬಹುದು, ಜರಡಿ ಆಗಿದ್ರೆ ಪೂರ್ತಿ ಹೊಸ ತಗಡೇ ಹಾಕ್ಸಿ.

ಮರದ ಪರೀಕ್ಷೆಗೆ ಒಂದು ಸ್ಕ್ರೂಡ್ರೈವರ್ ಸಾಕು. ಪಕಾಸಿನ ಹೊರತುದಿ, ಅದು ಗೋಡೆ ಮೇಲೆ ಕೂರೋ ಜಾಗ, ದೋಣಿ ಕೆಳಗಿನ ರೀಪು, ಈ ಮೂರು ಕಡೆ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದ್ರೆ ಮರ ಕುಂಬಾಗಿದೆ ಅಂತ ಅರ್ಥ. ರೀಪು ಬದಲಾಯಿಸೋದು ದೊಡ್ಡ ಕೆಲಸ ಅಲ್ಲ, ಪಕಾಸು ಹೋಗಿದ್ರೆ ಬಡಗಿ ಬರ್ಲಿ. ಗೆದ್ದಲಿನ ಮಣ್ಣಿನ ಗೆರೆ ಗೋಡೆ ಮೇಲೆ ಹತ್ತಿದ್ರೆ ಕೆರೆದು ಹಾಕಿ ಸುಮ್ನಾಗ್ಬೇಡಿ, ನೆಲದಲ್ಲಿ ಎಲ್ಲಿಂದ ಎದ್ದಿದೆ ನೋಡಿ ಅಲ್ಲಿಗೆ ಔಷಧಿ ಹಾಕ್ಸಿ. ಮರಕ್ಕೆ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚೋ ರೂಢಿ ಒಳ್ಳೇದೇ, ಆದ್ರೆ ಅದು ಚರ್ಮ ಸುಟ್ಟು ಬೊಬ್ಬೆ ಬರ್ಸುತ್ತೆ, ಗ್ಲೌಸ್ ಇಲ್ದೆ ಮುಟ್ಬೇಡಿ.

ಗೋಡೆ ಥಂಡಿ ಎಲ್ಲಿಂದ ಬರ್ತಿದೆ ಅಂತ ತಿಳ್ಕೊಳ್ಳೋಕೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆ ಗೋಡೆಗಿಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಡಿ. ಹಾಳೆ ಒಳಗಡೆ, ಅಂದ್ರೆ ಗೋಡೆ ಕಡೆ ನೀರ ಹನಿ ಕೂತಿದ್ರೆ ಗೋಡೆಯೊಳಗೇ ನೀರಿದೆ, ಹೊರಗಡೆ ಮಾತ್ರ ಬೆವರಿದ್ರೆ ಕೋಣೆ ಗಾಳೀಲಿರೋ ತೇವ, ಕಿಟಕಿ ತೆಗೆದಿಟ್ರೆ ಕಮ್ಮಿ ಆಗುತ್ತೆ. ಗೋಡೆಯೊಳಗೇ ನೀರಿದ್ರೆ ಮೇಲಿಂದ ವಾಟರ್‌ಪ್ರೂಫ್ ಪೇಂಟ್ ಬಳಿದು ಏನೂ ಪ್ರಯೋಜನ ಇಲ್ಲ, ಬೊಬ್ಬೆ ಎದ್ದು ಪದರ ಪದರವಾಗಿ ಕಿತ್ಕೊಂಡು ಬರುತ್ತೆ, ದುಡ್ಡು ದಂಡ. ಮೊದಲು ಮಾಡು, ಆಮೇಲೆ ಚರಂಡಿ, ಆಮೇಲೆ ಗೋಡೆ ಒಣಗೋಕೆ ಬಿಡೋದು, ಕೊನೇಲಿ ಬಣ್ಣ. ಬಿಳಿ ಉಪ್ಪಿನ ಪುಡಿ ಎದ್ದಿದ್ರೆ ಒಣ ಬ್ರಷ್ಷಲ್ಲಿ ಉಜ್ಜಿ ತೆಗೀರಿ, ನೀರು ಹಾಕಿ ತೊಳೆದ್ರೆ ಉಪ್ಪು ವಾಪಸ್ ಗೋಡೆಗೇ ಹೋಗುತ್ತೆ. ಇನ್ನೊಂದು, ಜಂಬಿಟ್ಟಿಗೆ ಕಲ್ಲಿಗೆ ಮಣ್ಣು ಹಾಕಿ ಕಟ್ಟಿದ ಹಳೇ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಸ್ಬೇಡಿ, ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತೆ, ಸುಣ್ಣದ ಗಾರೆನೇ ಮಾಡ್ಸಿ.

ಬಿರುಕು ಕಂಡ್ರೆ ಅದರ ಎರಡೂ ತುದಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೀರಿ. ಒಂದೆರಡು ತಿಂಗಳಾದ್ರೂ ಅಲ್ಲೇ ನಿಂತಿದ್ರೆ ತುಂಬಿಸ್ಬಹುದು, ಗೆರೆ ದಾಟಿ ಮುಂದೆ ಹೋಗಿದ್ರೆ ಅಥವಾ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ರೆ ಇಂಜಿನಿಯರ್‌ಗೆ ತೋರ್ಸಿ.

ಮನೆ ಹಿಂದೆ ಧರೆ (ಗುಡ್ಡದ ಕಡಿದಾದ ಮಣ್ಣಿನ ದಿಬ್ಬ) ಇರೋರು ಇದನ್ನ ಬಿಡ್ಲೇಬೇಡಿ. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದು ಏನಾಯ್ತು ಎಲ್ರೂ ನೋಡಿದೀವಿ. ಧರೆಯ ಮೇಲೆ ಹೋಗಿ ನೋಡಿ, ಅಂಚಿಗೆ ಸಮಾನಾಂತರವಾಗಿ ನೆಲ ಬಿರುಕು ಬಿಟ್ಟಿದೆಯಾ, ನೆಟ್ಟಗಿದ್ದ ಮರ ವಾಲಿದೆಯಾ, ಹೊಸದಾಗಿ ಒರತೆ ಎದ್ದು ಕೆಂಪು ನೀರು ಬರ್ತಿದೆಯಾ. ಇದರಲ್ಲಿ ಒಂದಿದ್ರೂ ಆ ಕಡೆ ಕೋಣೇಲಿ ಯಾರೂ ಮಲಗ್ಬೇಡಿ, ಪಂಚಾಯ್ತಿಗೆ ಬರೆದು ಕೊಡಿ. ಮೇಲಿನ ನೀರು ಧರೆಗೆ ಇಳಿಯದ ಹಾಗೆ ಪಕ್ಕಕ್ಕೆ ತಿರುಗ್ಸೋ ಚರಂಡಿನ ಬೇಸಿಗೇಲೇ ತೆಗೆಸಿಡಿ.

ಗೋಡೆ ಕುಸಿದಿದ್ರೆ, ಮಾಡು ಬಿದ್ದಿದ್ರೆ ಸರಿ ಮಾಡೋಕೆ ಕೈ ಹಾಕೋ ಮುಂಚೆನೇ ಎಲ್ಲಾ ಕಡೆಯಿಂದ ಫೋಟೋ ತೆಗೀರಿ, ಗ್ರಾಮ ಆಡಳಿತ ಅಧಿಕಾರಿಗೆ ಹೇಳಿ ಮಹಜರು ಮಾಡ್ಸಿ, ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಎಲ್ಲಾ ಸರಿ ಮಾಡಿದ್ಮೇಲೆ ಪರಿಹಾರ ಕೇಳೋಕೆ ಹೋದ್ರೆ ತೋರ್ಸೋಕೆ ಏನೂ ಉಳಿದಿರಲ್ಲ.