ವಾಟರ್‌ಪ್ರೂಫಿಂಗ್‌ಗೆ ಆನ್‌ಲೈನ್‌ನಲ್ಲಿ ಜನ ಹುಡುಕ್ತಿರೋರಿಗೆ

ಮಳೆಗಾಲ ಹತ್ತಿರ ಬಂತು, ಗ್ರೂಪ್‌ನಲ್ಲಿ ದಿನಾ ಒಬ್ಬರಾದರೂ "ತಾರಸಿ ಸೋರ್ತಿದೆ, ಯಾರಾದ್ರೂ ನಂಬರ್ ಕೊಡಿ" ಅಂತ ಕೇಳ್ತಿದ್ದೀರಿ. ಹೋದ ವರ್ಷ ಗೂಗಲ್‌ನಲ್ಲಿ ಮೊದಲು ಕಂಡ ನಂಬರಿಗೇ ಫೋನ್ ಮಾಡಿ ಕೈ ಸುಟ್ಟುಕೊಂಡವನು ನಾನು. ಐದು ಸ್ಟಾರ್ ರಿವ್ಯೂಗಳೆಲ್ಲ ಒಂದೇ ವಾರದಲ್ಲಿ ಬಂದಿದ್ದವು, "ಗುಡ್ ವರ್ಕ್" ಬಿಟ್ಟರೆ ಬೇರೆ ಮಾತಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಈಗ ಮೊದಲು ಓದೋದು ಎರಡು-ಮೂರು ಸ್ಟಾರ್‌ನವು, ಬೈದವರಿಗೆ ಏನು ಉತ್ತರ ಕೊಟ್ಟಿದ್ದಾರೆ ಅಂತ.

ಕೊಟೇಶನ್‌ನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಲಾಗಿನ್ ಬೇಕಿಲ್ಲ. ಒಟ್ಟು 15 ಅಂಕಿ-ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಬೇರೆ ಯಾರದ್ದೋ ಹೆಸರು ಬಂದರೆ ಅಲ್ಲಿಗೇ ಬಿಡಿ. ಸಣ್ಣ ಮಟ್ಟದಲ್ಲಿ ಕೆಲಸ ಮಾಡೋ ಮೇಸ್ತ್ರಿಗಳಿಗೆ ಈ ನಂಬರ್ ಇಲ್ಲದಿರಬಹುದು, ಅದೇನೂ ತಪ್ಪಲ್ಲ. ಒಂದು ಮಳೆಗಾಲ ಕಂಡಿರೋ ಹಳೇ ಕೆಲಸ ತೋರಿಸಲಿ, ಸಾಕು.

ದುಡ್ಡಿನ ವಿಷಯ ಮಾತ್ರ ಗಟ್ಟಿಯಾಗಿರಿ. ಕೆಲಸ ಮುಗಿದ ಮೇಲೆ ನೀರು ಹೋಗೋ ಪೈಪಿನ ಬಾಯಿಗೆ ಬಟ್ಟೆ ತುರುಕಿ, ತಾರಸಿ ಮೇಲೆ ಒಂದಿಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಕೆಳಗೆ ಸೀಲಿಂಗ್‌ನಲ್ಲಿ ತೇವ ಕಾಣದಿದ್ದರೆ ಮಾತ್ರ ಕೊನೇ ಕಂತು. ಈ ಮಾತನ್ನ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಈ ಸಲ ನಾನು ಹೀಗಂದ ತಕ್ಷಣ ಇಬ್ಬರು ಫೋನ್ ಎತ್ತೋದೇ ಬಿಟ್ಟರು! ಮೂರನೆಯವರು "ಮೂರು ದಿನ ಬೇಕಾದ್ರೂ ನಿಲ್ಸಿ ಸಾರ್" ಅಂದ್ರು. ಕೆಲಸ ಅವರಿಗೇ ಕೊಟ್ಟೆ.

ಅಡ್ವಾನ್ಸ್ ತಗೊಂಡು ನಾಪತ್ತೆಯಾದರೆ ಗ್ರಾಹಕ ಸಹಾಯವಾಣಿ 1915.