ರೈಸ್ ಎಂದರೆ ಅಕ್ಕಿಯಲ್ಲ

ಶಾಸನ ಓದಲು ಕಲಿಸುವ ನನ್ನ ಭಾನುವಾರದ ತರಗತಿಯಲ್ಲಿ, ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬ್ರಿಟಿಷ್ ವಿದ್ವಾಂಸ ರೈಸ್ ಬಗ್ಗೆ ಒಬ್ಬ ಹುಡುಗಿ ಕೇಳಿದಳು: "ಸರ್, ಬಿ. ಎಲ್. ರೈಸ್ ಅವರ ಹಿರೀಕರು ಅಕ್ಕಿ ವ್ಯಾಪಾರ ಮಾಡ್ತಿದ್ರಾ?" ಸ್ಮಿತ್ ಅಂದರೆ ಕಮ್ಮಾರ, ಟೇಲರ್ ಅಂದರೆ ಸಿಂಪಿಗ. ಅದೇ ಲೆಕ್ಕ ಹಿಡಿದು "ಇದ್ದರೂ ಇರಬಹುದಮ್ಮ" ಅಂದುಬಿಟ್ಟೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಶಾಸನದ ಪದಕ್ಕೆ ಇವತ್ತಿನ ಅರ್ಥ ಹಚ್ಚಬೇಡಿ, ಹಳೆಯ ರೂಪ ಹುಡುಕಿ ಎಂದು ವಾರವಾರ ಹೇಳುವವನು ನಾನೇ!

ಹಾಗಾಗಿ ಹಳೆಯ ರೂಪಕ್ಕೇ ಹೋದೆ. ದಾರಿ ತೋರಿಸಿದ್ದು ರೈಸ್ ಅಲ್ಲ, ಪ್ರೈಸ್ ಎಂಬ ಇನ್ನೊಂದು ಅಡ್ಡಹೆಸರು. ವೇಲ್ಸ್ ನಾಡಿನಲ್ಲಿ ಮೊದಲು ಮನೆತನದ ಹೆಸರಿನ ರೂಢಿಯಿರಲಿಲ್ಲ. ನಮ್ಮ ಇನಿಷಿಯಲ್ಲಿನಂತೆ ಅಪ್ಪನ ಹೆಸರೇ ಗುರುತು. 'ಅಪ್' ಎಂದರೆ ಮಗ. 'ಅಪ್ ರೀಸ್' ಬಾಯಲ್ಲಿ ಸವೆದು, ಮೊದಲ ಸ್ವರ ಬಿದ್ದು ಪ್ರೈಸ್ ಆಯಿತು. 'ಅಪ್ ಹವೆಲ್' ಪೊವೆಲ್ ಆದದ್ದೂ ಹೀಗೆಯೇ. 'ಅಪ್' ಇಲ್ಲದೆ ಉಳಿದ ರೀಸ್, ಇಂಗ್ಲಿಷ್ ಬರೆಯುವವರ ಕೈಗೆ ಸಿಕ್ಕಿ ರೈಸ್ ಆಯಿತು. ಅದರ ಅರ್ಥ ಹುರುಪು, ಕಾವು.

ಒಂದು ಮನೆತನದಲ್ಲಿ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ. 1485ರಲ್ಲಿ ಇಂಗ್ಲೆಂಡಿನ ಬಾಸ್‌ವರ್ತ್ ಕಾಳಗದಲ್ಲಿ ಏಳನೆಯ ಹೆನ್ರಿಯ ಪರ ನಿಂತವನು ರೀಸ್ ಅಪ್ ಥಾಮಸ್, ಅಂದರೆ ಥಾಮಸನ ಮಗ ರೀಸ್. ಅವನ ವಂಶದವರು ಮುಂದೆ ರೈಸ್ ಎಂದೇ ಬರೆದುಕೊಂಡರು.

ಇಷ್ಟರಿಂದ ನಮ್ಮ ರೈಸ್ ಸಾಹೇಬರು ವೇಲ್ಸಿನವರೆಂದು ನಾನು ಹೇಳಲಾರೆ. ಹೆಸರಿನ ಮೂಲ ಬೇರೆ, ಕುಟುಂಬದ ಮೂಲ ಬೇರೆ. ಅವರು ಹುಟ್ಟಿದ್ದಂತೂ ಬೆಂಗಳೂರಿನಲ್ಲೇ, 1837ರಲ್ಲಿ. ಊರೂರಿನ ಕಲ್ಲುಗಳನ್ನು ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 12 ಸಂಪುಟ ತಂದವರು. ಹೆಸರಿನ ಅರ್ಥ ಅಪರೂಪಕ್ಕೆ ಆಸಾಮಿಗೆ ಹೊಂದಿದೆ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್, ಐರ್ಲೆಂಡಿನಲ್ಲಿ ಬಡ ಹುಡುಗರಿಗೆ ಶಾಲೆ ತೆರೆದ ಎಡ್ಮಂಡ್ ರೈಸ್, ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಕಾಂಡೊಲೀಸಾ ರೈಸ್ — ಎಲ್ಲರದೂ ಇದೇ ಹೆಸರು.

ಮುಂದಿನ ಭಾನುವಾರ ತಪ್ಪೊಪ್ಪಿಕೊಂಡೆ. ಹುಡುಗಿ ನಕ್ಕು, ಇನ್ನೊಬ್ಬ ಶಾಸನ ವಿದ್ವಾಂಸ ಜೆ. ಎಫ್. ಫ್ಲೀಟ್ ಹೆಸರೆತ್ತಿ, "ಹಾಗಾದ್ರೆ ಫ್ಲೀಟ್ ಅವರು ಹಡಗಿನವರಲ್ವಾ ಸರ್?" ಅಂದಳು. ಅದನ್ನು ನೋಡಿಕೊಂಡೇ ಹೋಗಿದ್ದೆ. ಇವತ್ತಿನ ಇಂಗ್ಲಿಷಿನಲ್ಲಿ ಫ್ಲೀಟ್ ಅಂದರೆ ಹಡಗುಪಡೆ, ಹಳೆಯ ಇಂಗ್ಲಿಷಿನಲ್ಲಿ ಅದು ತೊರೆ. ಲಂಡನ್ನಿನ ಫ್ಲೀಟ್ ಬೀದಿಗೆ ಹೆಸರು ಕೊಟ್ಟ ತೊರೆ ಈಗಲೂ ನೆಲದಡಿ ಹರಿಯುತ್ತಿದೆ.